110 ಕೋಟಿ ಸಾಲು ಡಿಲೀಟ್ ಮಾಡಿದರೂ ಡಿಸ್ಕ್ ಖಾಲಿಯಾಗಲಿಲ್ಲ, ಏಕೆ?

ಪ್ರಶ್ನೆ: ಸರ್, ನಾನು ಪಾರ್ಸೆಲ್ ಸಾಗಣೆ ಕಂಪನಿಯೊಂದರಲ್ಲಿ ಬ್ಯಾಕೆಂಡ್ ನೋಡಿಕೊಳ್ಳುತ್ತೇನೆ. ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು, ಅಂತ ಬೇರೆ ಯಾರೂ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 15, ಜೊತೆಗೆ ರಿಪೋರ್ಟ್‌ಗಳಿಗಾಗಿ ಒಂದು ರೀಡ್ ರೆಪ್ಲಿಕಾ (ಓದಲಷ್ಟೇ ಬಳಸುವ ನಕಲು ಸರ್ವರ್). 1000 ಜಿಬಿ ಡಿಸ್ಕ್‌ನಲ್ಲಿ 910 ತುಂಬಿದೆ. ಸ್ಕ್ಯಾನ್ ದಾಖಲೆಗಳ ಒಂದೇ ಟೇಬಲ್ 380 ಜಿಬಿ, ಅದರ ಏಳು ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸೇರಿ 240 ಜಿಬಿ. ಅದರಲ್ಲೊಂದು 45 ಜಿಬಿಯದು, ಯಾರು ಯಾಕೆ ಹಾಕಿದರೋ ಗೊತ್ತಿಲ್ಲ. ಒಂದು ವರ್ಷಕ್ಕಿಂತ ಹಳೆಯದು ಬೇಡ ಎಂದು ಹೋದ ವಾರಾಂತ್ಯ 110 ಕೋಟಿ ಸಾಲು, ಅಂದರೆ ಶೇ. 60ರಷ್ಟು, ಡಿಲೀಟ್ ಮಾಡಿದೆವು. ಒಂದು ಜಿಬಿಯೂ ವಾಪಸ್ ಬರಲಿಲ್ಲ. ಅಳಿಸಿದ ಸಾಲುಗಳನ್ನು ತಾನಾಗಿಯೇ ಸ್ವಚ್ಛ ಮಾಡುವ ಆಟೋವ್ಯಾಕ್ಯೂಮ್ ನಾಲ್ಕು ದಿನ ಓಡಿದರೂ ಮುಗಿಯಲಿಲ್ಲ. ಕೊನೆಗೆ ರಾತ್ರಿ ವ್ಯಾಕ್ಯೂಮ್ ಫುಲ್ ಕೊಟ್ಟೆವು, ಎರಡೇ ನಿಮಿಷಕ್ಕೆ ಆ್ಯಪ್ ಪೂರ್ತಿ ನಿಂತಿತು, ಕ್ಯಾನ್ಸಲ್ ಮಾಡಿದೆವು. ವ್ಯವಹಾರ ನಿಲ್ಲಿಸದೆ ಜಾಗ ಪಡೆಯುವುದು ಹೇಗೆ?

ಉತ್ತರ: ಆ ವ್ಯಾಕ್ಯೂಮ್ ಫುಲ್ ಅನ್ನು ಇನ್ನೊಮ್ಮೆ ಕೊಡಲು ಹೋಗಬೇಡಿ. ಆ್ಯಪ್ ನಿಂತದ್ದು ಸಣ್ಣ ತೊಂದರೆ, ಕ್ಯಾನ್ಸಲ್ ಮಾಡದೆ ಬಿಟ್ಟಿದ್ದರೆ ದೊಡ್ಡದು ಕಾದಿತ್ತು. ವ್ಯಾಕ್ಯೂಮ್ ಫುಲ್ ಟೇಬಲ್ಲನ್ನು ಇದ್ದಲ್ಲೇ ಕುಗ್ಗಿಸುವುದಿಲ್ಲ. ಉಳಿದ ಸಾಲುಗಳನ್ನೆಲ್ಲ ಹೊಸ ಫೈಲಿಗೆ ಬರೆದು, ಎಲ್ಲ ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಿ, ಅದೆಲ್ಲ ಮುಗಿದ ಮೇಲೆ ಹಳೆಯದನ್ನು ಅಳಿಸುತ್ತದೆ. 2010ರಲ್ಲಿ ಬಂದ 9.0 ಆವೃತ್ತಿಯಿಂದ ಅದರ ಕ್ರಮ ಇದೇ. ನಿಮ್ಮ ಲೆಕ್ಕದಲ್ಲಿ ಉಳಿದ ಶೇ. 40 ಎಂದರೆ ಟೇಬಲ್ ಸುಮಾರು 150 ಜಿಬಿ, ಇಂಡೆಕ್ಸ್ 95 ಜಿಬಿ, ಒಟ್ಟು 245. ನಿಮ್ಮ ಬಳಿ ಖಾಲಿ ಇರುವುದು 90. ಸಾಲದ್ದಕ್ಕೆ, ರೆಪ್ಲಿಕಾ ಇರುವುದರಿಂದ ಹೊಸದಾಗಿ ಬರೆದದ್ದೆಲ್ಲ ವಾಲ್‌ಗೂ, ಅಂದರೆ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್‌ಗೂ, ಹೋಗುತ್ತದೆ. ಡೇಟಾ ಫೈಲಿಗೆ ಜಾಗ ಸಿಗದಿದ್ದರೆ ಆ ಕಮಾಂಡ್ ಎರರ್ ಕೊಟ್ಟು ಹಿಂದೆ ಸರಿಯುತ್ತದೆ, ಅಷ್ಟೇ. ಅದೇ ಡಿಸ್ಕ್‌ನಲ್ಲಿರುವ ವಾಲ್‌ಗೆ ಜಾಗ ಸಿಗದಿದ್ದರೆ ಪೋಸ್ಟ್‌ಗ್ರೆಸ್ ಪ್ಯಾನಿಕ್ ಎಂದು ಬರೆದು ಇಡೀ ಸರ್ವರ್ ಕೆಳಗೆ ಬೀಳುತ್ತದೆ. ಆಗ ಈ ಪ್ರಶ್ನೆಯನ್ನು ನೀವು ಬೇರೆ ರೀತಿ ಬರೆಯಬೇಕಾಗಿತ್ತು.

ಎರಡೇ ನಿಮಿಷಕ್ಕೆ ಆ್ಯಪ್ ನಿಂತದ್ದೇಕೆ ಎನ್ನುವುದನ್ನೂ ನೋಡಿಬಿಡೋಣ, ಮುಂದೆ ಬೇಕಾಗುತ್ತದೆ. ವ್ಯಾಕ್ಯೂಮ್ ಫುಲ್‌ಗೆ ಬೇಕಾದದ್ದು ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್. ಬರೀ ಸೆಲೆಕ್ಟ್ ಜೊತೆಗೂ ಅದು ಹೊಂದಿಕೊಳ್ಳುವುದಿಲ್ಲ. ಲಾಕ್ ಸಿಕ್ಕ ಮೇಲೆ ಎಲ್ಲರೂ ಕಾಯಬೇಕು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದ್ದು, ಲಾಕ್ ಸಿಗುವ ಮೊದಲೇ ಎಲ್ಲರೂ ನಿಲ್ಲುತ್ತಾರೆ ಎನ್ನುವುದು. ಯಾವುದೋ ಒಂದು ಕ್ವೆರಿ ಆ ಟೇಬಲ್ ಮೇಲೆ ಹತ್ತು ನಿಮಿಷದಿಂದ ಓಡುತ್ತಿದೆ ಎಂದುಕೊಳ್ಳಿ. ನಿಮ್ಮ ಕಮಾಂಡ್ ಅದರ ಹಿಂದೆ ಕಾಯುತ್ತದೆ. ಆಮೇಲೆ ಬಂದ ಪ್ರತಿಯೊಂದು ಸೆಲೆಕ್ಟ್, ಇನ್ಸರ್ಟ್ ನಿಮ್ಮ ಕಮಾಂಡ್‌ನ ಹಿಂದೆ ಕಾಯುತ್ತದೆ. ಕನೆಕ್ಷನ್ ಪೂಲ್ ತುಂಬಲು ಅಷ್ಟು ಸಾಕು. ಹೀಗಾಗಿ ಇಂಥ ಲಾಕ್ ಬೇಡುವ ಯಾವುದೇ ಕಮಾಂಡ್ ಕೊಡುವ ಮುಂಚೆ ಅದೇ ಸೆಷನ್‌ನಲ್ಲಿ ಲಾಕ್_ಟೈಮೌಟ್ ಅನ್ನು ಎರಡು ಮೂರು ಸೆಕೆಂಡಿಗೆ ಇಟ್ಟುಕೊಳ್ಳಿ. ಸಿಗದಿದ್ದರೆ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರಾಯಿತು.

ಈಗ ಡಿಲೀಟ್ ವಿಷಯ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಎನ್ನುವುದು 8 ಕೆಬಿ ಪೇಜ್‌ಗಳ ಸಾಲು. ಡಿಸ್ಕ್ ಮೇಲೆ ಅದು ಒಂದೊಂದು ಜಿಬಿಯ ಫೈಲ್‌ಗಳಾಗಿ ಕೂತಿರುತ್ತದೆ. ನಿಮ್ಮ ಸ್ಕ್ಯಾನ್ ದಾಖಲೆಯ ಪ್ರತಿ ಸಾಲಿನ ತಲೆಯಲ್ಲಿ 23 ಬೈಟ್‌ನ ಹೆಡರ್ ಇರುತ್ತದೆ. ಯಾವ ಟ್ರಾನ್ಸಾಕ್ಷನ್ ಇದನ್ನು ಹುಟ್ಟಿಸಿತು, ಯಾವುದು ಅಳಿಸಿತು ಎಂಬ ಎರಡು ನಂಬರ್ ಅಲ್ಲಿವೆ: ಎಕ್ಸ್‌ಮಿನ್ ಮತ್ತು ಎಕ್ಸ್‌ಮ್ಯಾಕ್ಸ್. ಡಿಲೀಟ್ ಮಾಡುವುದೆಂದರೆ ಎಕ್ಸ್‌ಮ್ಯಾಕ್ಸ್ ಜಾಗದಲ್ಲಿ ನಂಬರ್ ತುಂಬುವುದು. ಸಾಲು ಅಲ್ಲೇ ಇರುತ್ತದೆ, ಏಕೆಂದರೆ ನಿಮಗಿಂತ ಮೊದಲು ಶುರುವಾದ ಕ್ವೆರಿಯೊಂದು ಅದನ್ನು ಇನ್ನೂ ನೋಡಬೇಕಾಗಿರಬಹುದು. ಯಾರಿಗೂ ಬೇಡವಾದ ಮೇಲೆ ವ್ಯಾಕ್ಯೂಮ್ ಬಂದು ಆ ಜಾಗವನ್ನು ಖಾಲಿ ಎಂದು ಗುರುತು ಹಾಕುತ್ತದೆ, ಮುಂದಿನ ಇನ್ಸರ್ಟ್ ಅಲ್ಲಿ ಕೂರುತ್ತದೆ. ಬಸ್ಸಿನಿಂದ ಅರ್ಧ ಜನ ಇಳಿದರೂ ಬಸ್ಸು ಗಿಡ್ಡವಾಗುವುದಿಲ್ಲ, ಸೀಟು ಖಾಲಿಯಾಗುತ್ತದೆ, ಅಷ್ಟೇ.

ಸಾಮಾನ್ಯ ವ್ಯಾಕ್ಯೂಮ್ ಕೂಡ ಆಪರೇಟಿಂಗ್ ಸಿಸ್ಟಂಗೆ ಜಾಗ ಹಿಂದಿರುಗಿಸುವ ಒಂದು ಸಂದರ್ಭವಿದೆ. ಫೈಲಿನ ಬಾಲದ ಕಡೆ ಪೇಜ್‌ಗಳು ಪೂರ್ತಿ ಖಾಲಿಯಿದ್ದರೆ ಅಷ್ಟನ್ನು ಕತ್ತರಿಸುತ್ತದೆ. ಆದರೆ ನಿಮ್ಮ ಟೇಬಲ್ ಹೇಗೆ ಬೆಳೆದಿದೆ ನೋಡಿ. ಸ್ಕ್ಯಾನ್ ದಾಖಲೆಗಳು ಬಂದ ಹಾಗೆ ಕೊನೆಗೆ ಸೇರುತ್ತ ಹೋಗಿವೆ. ಹಳೆಯದು ಫೈಲಿನ ಮುಂಭಾಗದಲ್ಲಿ, ನಿನ್ನೆಯದು ಬಾಲದಲ್ಲಿ. ನೀವು ಅಳಿಸಿದ್ದು ಮುಂಭಾಗವನ್ನು. ಬಾಲದಲ್ಲಿ ಬದುಕಿರುವ ಸಾಲುಗಳು ಗಟ್ಟಿಯಾಗಿ ಕೂತಿರುವಾಗ ವ್ಯಾಕ್ಯೂಮ್ ಎಷ್ಟು ಸಲ ಓಡಿದರೂ ಒಂದು ಪೇಜನ್ನೂ ಕತ್ತರಿಸಲಾರದು. ಇಂಡೆಕ್ಸ್ ಕಥೆ ಇನ್ನೂ ಬಿಗಿ: ಬಿ-ಟ್ರೀ ಇಂಡೆಕ್ಸ್ ಫೈಲನ್ನು ಸಾಮಾನ್ಯ ವ್ಯಾಕ್ಯೂಮ್ ಎಂದೂ ಗಿಡ್ಡ ಮಾಡುವುದಿಲ್ಲ. ಖಾಲಿ ಪೇಜ್‌ಗಳನ್ನು ಒಳಗೇ ಮರುಬಳಕೆಗೆ ಇಟ್ಟುಕೊಳ್ಳುತ್ತದೆ.

ಹಾಗಾದರೆ ಆಟೋವ್ಯಾಕ್ಯೂಮ್ ನಾಲ್ಕು ದಿನ ಏನು ಮಾಡುತ್ತಿತ್ತು? ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ಸಾಲು ಅದೇ. ವ್ಯಾಕ್ಯೂಮ್ ಟೇಬಲ್ ಓದುತ್ತ ಸತ್ತ ಸಾಲುಗಳ ವಿಳಾಸಗಳನ್ನು ಮೆಮೊರಿಯಲ್ಲಿ ಕೂಡಿಡುತ್ತದೆ, ಒಂದಕ್ಕೆ 6 ಬೈಟ್. ಮೆಮೊರಿ ತುಂಬಿದ ಕೂಡಲೇ ಟೇಬಲ್ ಓದುವುದನ್ನು ನಿಲ್ಲಿಸಿ ಏಳೂ ಇಂಡೆಕ್ಸ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಿ, ಆ ವಿಳಾಸಗಳನ್ನು ತೆಗೆದು, ಮತ್ತೆ ಟೇಬಲ್‌ಗೆ ಬರುತ್ತದೆ. ಈ ಮೆಮೊರಿಯ ಮಿತಿ ಮೇಂಟೆನೆನ್ಸ್_ವರ್ಕ್_ಮೆಮ್. ಯಾರೂ ಮುಟ್ಟಿಲ್ಲದಿದ್ದರೆ 64 ಎಂಬಿ. ಅದರಲ್ಲಿ ಹಿಡಿಸುವುದು ಸುಮಾರು 1.1 ಕೋಟಿ ವಿಳಾಸ. ನಿಮ್ಮದು 110 ಕೋಟಿ. ಅಂದರೆ 240 ಜಿಬಿ ಇಂಡೆಕ್ಸನ್ನು ಅದು ನೂರರ ಹತ್ತಿರ ಹತ್ತಿರ ಸಲ ಓದಬೇಕು. ಅದೂ ಪೂರ್ತಿ ವೇಗದಲ್ಲಲ್ಲ, ಬೇರೆಯವರಿಗೆ ತೊಂದರೆಯಾಗಬಾರದೆಂದು ಹಾಕಿದ ಕಾಸ್ಟ್ ಲಿಮಿಟ್ ಬ್ರೇಕ್ ಒತ್ತಿಕೊಂಡೇ. ನಾಲ್ಕು ದಿನವಲ್ಲ, ಹದಿನಾಲ್ಕು ದಿನ ಹಿಡಿದರೂ ಆಶ್ಚರ್ಯವಿಲ್ಲ. ಪಿಜಿ_ಸ್ಟಾಟ್_ಪ್ರೋಗ್ರೆಸ್_ವ್ಯಾಕ್ಯೂಮ್ ಎಂಬ ವ್ಯೂ ನೋಡಿದರೆ ಇಂಡೆಕ್ಸ್_ವ್ಯಾಕ್ಯೂಮ್_ಕೌಂಟ್ ಎಂಬ ಕಾಲಂ ಇದೆ, ಎಷ್ಟನೇ ಸುತ್ತು ಎಂದು ಅದೇ ಹೇಳುತ್ತದೆ. ನಿಮ್ಮ ವ್ಯಾಕ್ಯೂಮ್ ಫುಲ್ ಲಾಕ್ ಕೇಳಿದ ಕ್ಷಣಕ್ಕೆ ಆ ಆಟೋವ್ಯಾಕ್ಯೂಮ್ ತಾನಾಗಿಯೇ ರದ್ದಾಗಿರುತ್ತದೆ. ಪೂರ್ತಿಯಾದ ಸುತ್ತುಗಳ ಕೆಲಸ ಉಳಿದಿರುತ್ತದೆ, ಮಿಕ್ಕದ್ದು ಹೊಸದಾಗಿ. (2024ರಲ್ಲಿ ಬಂದ 17ನೇ ಆವೃತ್ತಿಯಲ್ಲಿ ಈ ವಿಳಾಸಗಳನ್ನು ಇಡುವ ರೀತಿಯನ್ನೇ ಬದಲಿಸಿದ್ದಾರೆ. ಅಲ್ಲಿ ಇಷ್ಟು ಸುತ್ತು ಬೀಳುವುದಿಲ್ಲ.)

ಏನನ್ನಾದರೂ ಮಾಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಡಿಸ್ಕ್ ತುಂಬಿಸಿದ್ದು ನಿಜವಾಗಿ ಟೇಬಲ್‌ಗಳೇ? ನಿಮ್ಮ ಲೆಕ್ಕದಲ್ಲಿ ಈ ಟೇಬಲ್ 620, ಉಳಿದ 290 ಜಿಬಿ ಏನೆಂದು ನೀವು ಬರೆದಿಲ್ಲ. ಡೇಟಾ ಡೈರೆಕ್ಟರಿಯೊಳಗಿನ ಪಿಜಿ_ವಾಲ್ ಎಷ್ಟಿದೆ ನೋಡಿ. ಯಾವಾಗಲೋ ಪ್ರಯೋಗಕ್ಕೆಂದು ಮಾಡಿ ಮರೆತ ರೆಪ್ಲಿಕೇಷನ್ ಸ್ಲಾಟ್ (ಓದುವವರು ವಾಲ್‌ನಲ್ಲಿ ಎಲ್ಲಿಯವರೆಗೆ ಬಂದಿದ್ದಾರೆಂಬ ಗುರುತು) ಇದ್ದರೆ, ಅದನ್ನು ಓದುವವರು ಯಾರೂ ಇಲ್ಲದಿದ್ದರೂ ಪೋಸ್ಟ್‌ಗ್ರೆಸ್ ಅದಕ್ಕಾಗಿ ವಾಲ್ ಫೈಲ್‌ಗಳನ್ನು ಕೂಡಿಡುತ್ತಲೇ ಇರುತ್ತದೆ. ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್‌ನಲ್ಲಿ ಆ್ಯಕ್ಟಿವ್ ಕಾಲಂ ಫಾಲ್ಸ್ ಎಂದಿರುವುದೇ ಕಳ್ಳ. ವಾಲ್ ಆರ್ಕೈವ್ ಮಾಡುವ ಕಮಾಂಡ್ ಫೇಲ್ ಆಗುತ್ತಿದ್ದರೂ ಇದೇ ಗತಿ. ಏನೇ ಆದರೂ ಪಿಜಿ_ವಾಲ್ ಒಳಗೆ ಕೈ ಹಾಕಿ ಫೈಲ್ ಅಳಿಸಬೇಡಿ. 2017ರ 10ನೇ ಆವೃತ್ತಿಯವರೆಗೆ ಅದರ ಹೆಸರು ಪಿಜಿ_ಎಕ್ಸ್‌ಲಾಗ್ ಎಂದಿತ್ತು. ಲಾಗ್ ತಾನೇ ಎಂದು ಜನ ಅಳಿಸಿ ಡೇಟಾಬೇಸನ್ನೇ ಕಳೆದುಕೊಳ್ಳುತ್ತಿದ್ದರೆಂದೇ ಹೆಸರು ಬದಲಿಸಿದ್ದು. ಸ್ಲಾಟ್ ಡ್ರಾಪ್ ಮಾಡಿ, ಮುಂದಿನ ಚೆಕ್‌ಪಾಯಿಂಟ್‌ನಲ್ಲಿ ಅದೇ ಸ್ವಚ್ಛ ಮಾಡಿಕೊಳ್ಳುತ್ತದೆ.

ಎರಡನೆಯದು, ಸತ್ತ ಸಾಲುಗಳನ್ನು ತೆಗೆಯದಂತೆ ಯಾರಾದರೂ ಹಿಡಿದುಕೊಂಡಿದ್ದಾರೆಯೇ? ವ್ಯಾಕ್ಯೂಮ್ ವರ್ಬೋಸ್ ಕೊಟ್ಟಾಗ ‘ಸತ್ತಿವೆ, ಆದರೆ ಈಗಲೇ ತೆಗೆಯಲಾಗದು’ ಎಂಬ ಅರ್ಥದ ದೊಡ್ಡ ಸಂಖ್ಯೆ ಕಂಡರೆ ಯಾರೋ ಹಳೆಯ ಸ್ನ್ಯಾಪ್‌ಶಾಟ್ (ಡೇಟಾ ಹಿಂದಿನ ಒಂದು ಕ್ಷಣದಲ್ಲಿ ಇದ್ದ ನೋಟ) ಹಿಡಿದಿದ್ದಾರೆ ಎಂದರ್ಥ. ಬಿಗಿನ್ ಎಂದು ಶುರುಮಾಡಿ ಕಮಿಟ್ ಮಾಡದೆ ಊಟಕ್ಕೆ ಹೋದ ಡೆವಲಪರ್, ಪ್ರೈಮರಿ (ಮುಖ್ಯ ಸರ್ವರ್) ಮೇಲೆಯೇ ಗಂಟೆಗಟ್ಟಲೆ ಓಡುವ ಪಿಜಿ_ಡಂಪ್ ಬ್ಯಾಕಪ್, ಮರೆತುಹೋದ ಪ್ರಿಪೇರ್ಡ್ ಟ್ರಾನ್ಸಾಕ್ಷನ್, ಸತ್ತ ಸ್ಲಾಟ್, ಇವೇ ಮಾಮೂಲಿ ಕಾರಣಗಳು. ನಿಮ್ಮ ವಿಷಯದಲ್ಲಿ ನನಗೆ ಅನುಮಾನ ರೆಪ್ಲಿಕಾ ಮೇಲೆ. ರಿಪೋರ್ಟ್‌ಗಳು ಮಧ್ಯೆ ಕ್ಯಾನ್ಸಲ್ ಆಗುತ್ತಿವೆ ಎಂದು ಯಾರೋ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಆನ್ ಮಾಡಿರುತ್ತಾರೆ. ಆಗ ರೆಪ್ಲಿಕಾದಲ್ಲಿ ಆರು ಗಂಟೆ ಓಡುವ ತಿಂಗಳ ರಿಪೋರ್ಟ್, ಪ್ರೈಮರಿಯಲ್ಲಿ ಆರು ಗಂಟೆ ಸ್ವಚ್ಛತೆಯನ್ನು ತಡೆಹಿಡಿಯುತ್ತದೆ. ಪ್ರೈಮರಿಯ ಪಿಜಿ_ಸ್ಟಾಟ್_ಆ್ಯಕ್ಟಿವಿಟಿ ಮತ್ತು ಪಿಜಿ_ಸ್ಟಾಟ್_ರೆಪ್ಲಿಕೇಷನ್ ಎರಡರಲ್ಲೂ ಬ್ಯಾಕೆಂಡ್_ಎಕ್ಸ್‌ಮಿನ್ ಕಾಲಂ ಇದೆ. ಅದರ ವಯಸ್ಸಿನ ಪ್ರಕಾರ ಜೋಡಿಸಿ ನೋಡಿದರೆ ಮೇಲೆ ಬರುವವರೇ ಕಾರಣ. ಇದನ್ನು ಬಿಡಿಸದೆ ಮುಂದಿನ ಯಾವ ಕೆಲಸ ಮಾಡಿದರೂ ವ್ಯರ್ಥ. ಹೊಸ ಫೈಲಿಗೂ ಸತ್ತ ಸಾಲುಗಳನ್ನೇ ಹೊತ್ತುಕೊಂಡು ಹೋಗುತ್ತೀರಿ.

ಇನ್ನು ನಿಜವಾದ ಕೆಲಸ. ಮೊದಲು ಇಂಡೆಕ್ಸ್, ಆಮೇಲೆ ವ್ಯಾಕ್ಯೂಮ್. ಟೇಬಲ್ಲನ್ನು ಸದ್ಯಕ್ಕೆ ಮುಟ್ಟುವುದೇ ಬೇಡ.

ಆ 45 ಜಿಬಿಯ ಅನಾಥ ಇಂಡೆಕ್ಸ್‌ನಿಂದ ಶುರುಮಾಡಿ. ಪಿಜಿ_ಸ್ಟಾಟ್_ಯೂಸರ್_ಇಂಡೆಕ್ಸಸ್‌ನಲ್ಲಿ ಅದರ ಐಡಿಎಕ್ಸ್_ಸ್ಕ್ಯಾನ್ ಸೊನ್ನೆಯೇ ನೋಡಿ. ಪ್ರೈಮರಿಯಲ್ಲಿ ಸೊನ್ನೆ ಎಂದ ಕೂಡಲೇ ಡ್ರಾಪ್ ಮಾಡಬೇಡಿ. ಈ ಅಂಕಿಅಂಶ ಪ್ರತಿ ಸರ್ವರ್‌ಗೂ ಬೇರೆ ಬೇರೆ, ರೆಪ್ಲಿಕಾದಲ್ಲಿ ತಿಂಗಳಿಗೊಮ್ಮೆ ಓಡುವ ರಿಪೋರ್ಟ್ ಅದನ್ನೇ ನಂಬಿಕೊಂಡಿರಬಹುದು. ಎಣಿಕೆಯನ್ನು ಯಾವಾಗ ರೀಸೆಟ್ ಮಾಡಿದ್ದರು ಎನ್ನುವುದನ್ನೂ ನೋಡಿ, ಹೋದ ವಾರ ರೀಸೆಟ್ ಆಗಿದ್ದರೆ ಸೊನ್ನೆಗೆ ಬೆಲೆಯಿಲ್ಲ. ಯುನೀಕ್ ಇಂಡೆಕ್ಸ್ ಆಗಿದ್ದರೆ ಸ್ಕ್ಯಾನ್ ಸೊನ್ನೆಯಿದ್ದರೂ ನಕಲು ತಡೆಯುವ ಕೆಲಸ ಮಾಡುತ್ತಿರುತ್ತದೆ, ಅದನ್ನು ಬಿಡಿ. ಇಷ್ಟೆಲ್ಲ ದಾಟಿದರೆ ಡ್ರಾಪ್ ಇಂಡೆಕ್ಸ್ ಕನ್ಕರೆಂಟ್ಲಿ. ಖಾಲಿ ಜಾಗ 90ರಿಂದ 135ಕ್ಕೆ ಏರಿತು.

ಉಳಿದ ಆರು ಇಂಡೆಕ್ಸ್ 195 ಜಿಬಿ. ಇವನ್ನು ಒಂದೊಂದಾಗಿ, ಚಿಕ್ಕದರಿಂದ ದೊಡ್ಡದಕ್ಕೆ, ರೀಇಂಡೆಕ್ಸ್ ಕನ್ಕರೆಂಟ್ಲಿ ಮಾಡಿ. 2019ರ 12ನೇ ಆವೃತ್ತಿಯಿಂದ ಇದು ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಓದು, ಬರಹ ಎರಡೂ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸ ಇಂಡೆಕ್ಸ್ ಕಟ್ಟಿ, ಹಳೆಯದರ ಜಾಗಕ್ಕೆ ಕೂರಿಸಿ, ಹಳೆಯದನ್ನು ಅಳಿಸುತ್ತದೆ. ಕಟ್ಟುವಾಗ ಆ ಹೊತ್ತಿಗೆ ಕಾಣುವ ಸಾಲುಗಳನ್ನು ಮಾತ್ರ ತೆಗೆದುಕೊಳ್ಳುವುದರಿಂದ 110 ಕೋಟಿ ಸತ್ತ ವಿಳಾಸಗಳು ಹೊಸದಕ್ಕೆ ಬರುವುದೇ ಇಲ್ಲ. 60 ಜಿಬಿಯ ಇಂಡೆಕ್ಸ್ 24 ಜಿಬಿಗೆ ಇಳಿಯುತ್ತದೆ. ಜಾಗದ ಲೆಕ್ಕ ಹಾಕುವಾಗ ಹೊಸ ಇಂಡೆಕ್ಸ್‌ನಷ್ಟೇ ಸಾರ್ಟಿಂಗ್‌ಗೆ ತಾತ್ಕಾಲಿಕ ಫೈಲ್ ಬೇಕು, ವಾಲ್ ಬೇರೆ ಇದೆ ಎಂದು ಹಿಡಿದುಕೊಳ್ಳಿ. ಚಿಕ್ಕದರಿಂದ ಶುರುಮಾಡಿ ಎಂದದ್ದು ಅದಕ್ಕೇ, ಪ್ರತಿಯೊಂದೂ ಮುಗಿದಾಗ ಮುಂದಿನ ದೊಡ್ಡದಕ್ಕೆ ಜಾಗ ಒದಗಿರುತ್ತದೆ.

ಇದರಲ್ಲಿ ಕಿರಿಕಿರಿ ಎಂದರೆ ಕಾಯುವುದು. ತನಗಿಂತ ಹಳೆಯ ಟ್ರಾನ್ಸಾಕ್ಷನ್‌ಗಳು ಮುಗಿಯುವವರೆಗೆ ಅದು ಮುಂದಿನ ಹಂತಕ್ಕೆ ಹೋಗುವುದಿಲ್ಲ. ಆಗದು ಎಂದು ನೀವು ಮಧ್ಯೆ ಕ್ಯಾನ್ಸಲ್ ಮಾಡಿದರೆ _ಸಿಸಿನ್ಯೂ ಎಂದು ಕೊನೆಯಾಗುವ ಹೆಸರಿನ ಅರೆಬರೆ ಇಂಡೆಕ್ಸ್ ಉಳಿಯುತ್ತದೆ. ಕ್ವೆರಿಗಳಿಗೆ ಉಪಯೋಗಕ್ಕೆ ಬರದಿದ್ದರೂ ಪ್ರತಿ ಇನ್ಸರ್ಟ್‌ಗೆ ಭಾರ ಹಾಕುತ್ತದೆ, ಜಾಗವನ್ನೂ ತಿನ್ನುತ್ತದೆ. ಹುಡುಕಿ ಡ್ರಾಪ್ ಮಾಡಿ, ಮತ್ತೆ ಶುರುಮಾಡಿ. 14.0ಯಿಂದ 14.3ರವರೆಗಿನ ಆವೃತ್ತಿಗಳಲ್ಲಿ ಈ ಕಮಾಂಡ್ ಇಂಡೆಕ್ಸನ್ನೇ ಕೆಡಿಸಬಹುದಾದ ದೋಷವಿತ್ತು, 2022ರ ಜೂನ್‌ನಲ್ಲಿ 14.4ರಲ್ಲಿ ಸರಿಮಾಡಿದರು. ನೀವು 15ರಲ್ಲಿದ್ದೀರಿ, ಚಿಂತೆಯಿಲ್ಲ. ಇದನ್ನು ಓದುತ್ತಿರುವ ಬೇರೆಯವರು ಆ ಹಳೆಯ 14ರಲ್ಲೇ ಇದ್ದರೆ ಮೊದಲು ಅಪ್‌ಡೇಟ್ ಮಾಡಿಕೊಳ್ಳಲಿ.

ಎಲ್ಲ ಮುಗಿದಾಗ 195 ಜಿಬಿಯ ಇಂಡೆಕ್ಸ್ ಸುಮಾರು 78ಕ್ಕೆ ಬಂದಿರುತ್ತದೆ. ಖಾಲಿ ಜಾಗ 250 ಜಿಬಿ ದಾಟಿತು. ಆ್ಯಪ್ ಒಂದು ಸೆಕೆಂಡೂ ನಿಂತಿಲ್ಲ.

ಈಗ ವ್ಯಾಕ್ಯೂಮ್, ಕೈಯಿಂದಲೇ. ಸೆಷನ್‌ನಲ್ಲಿ ಮೇಂಟೆನೆನ್ಸ್_ವರ್ಕ್_ಮೆಮ್ ಅನ್ನು 1 ಜಿಬಿ ಮಾಡಿಕೊಳ್ಳಿ. 15ನೇ ಆವೃತ್ತಿಯಲ್ಲಿ ವ್ಯಾಕ್ಯೂಮ್ ಅದಕ್ಕಿಂತ ಹೆಚ್ಚು ಕೊಟ್ಟರೂ ಬಳಸುವುದಿಲ್ಲ. ಒಂದು ಸುತ್ತಿಗೆ ಸುಮಾರು 17.9 ಕೋಟಿ ವಿಳಾಸ ಹಿಡಿಸುತ್ತದೆ, ನೂರು ಸುತ್ತಿನ ಕೆಲಸ ಏಳು ಸುತ್ತಿಗೆ ಇಳಿಯಿತು. ಆ ಏಳು ಸುತ್ತಿನಲ್ಲೂ ಓದಬೇಕಾದದ್ದು 240 ಜಿಬಿಯಲ್ಲ, 78. ಕೈಯಿಂದ ಕೊಟ್ಟ ವ್ಯಾಕ್ಯೂಮ್‌ಗೆ ಆಟೋವ್ಯಾಕ್ಯೂಮ್‌ನ ಬ್ರೇಕ್ ಇರುವುದಿಲ್ಲ, ಇಂಡೆಕ್ಸ್‌ಗಳನ್ನು ಸಮಾನಾಂತರವಾಗಿಯೂ ಮಾಡುತ್ತದೆ. ಡಿಸ್ಕ್ ಮೇಲೆ ಹೊರೆ ಕಂಡರೆ ವ್ಯಾಕ್ಯೂಮ್_ಕಾಸ್ಟ್_ಡಿಲೇ ಅನ್ನು 1 ಮಿಲಿಸೆಕೆಂಡಿಗೆ ಇಟ್ಟು ನೋಡಿ. ಇಂಡೆಕ್ಸ್ ಮೊದಲು ಎಂದು ನಾನು ಹಟ ಹಿಡಿದದ್ದು ಈ ಲೆಕ್ಕಕ್ಕೇ. ಸಾಮಾನ್ಯವಾಗಿ ಎಲ್ಲರೂ ಹೇಳುವ ಕ್ರಮ ಇದರ ತಿರುಗುಮುರುಗು.

ಇಷ್ಟಾದ ಮೇಲೂ ಟೇಬಲ್ ಫೈಲ್ 380 ಜಿಬಿಯೇ ಇರುತ್ತದೆ, ಒಳಗೆ 230 ಜಿಬಿ ಖಾಲಿ. ಇದನ್ನು ಹಿಂದೆ ಪಡೆಯಲೇಬೇಕೆ? ಉಳಿದಿರುವ ಒಂದು ವರ್ಷದ ಡೇಟಾ 150 ಜಿಬಿ, ಅಂದರೆ ತಿಂಗಳಿಗೆ ಹನ್ನೆರಡು ಚಿಲ್ಲರೆ. ಹೊಸ ಸಾಲುಗಳು ಆ ಖಾಲಿ ಜಾಗದಲ್ಲೇ ಕೂರುತ್ತ ಹೋದರೆ ಏನನ್ನೂ ಅಳಿಸದಿದ್ದರೂ ಒಂದೂವರೆ ವರ್ಷ ಈ ಫೈಲ್ ಬೆಳೆಯುವುದಿಲ್ಲ. ತಿಂಗಳು ತಿಂಗಳು ಹಳೆಯದನ್ನು ಅಳಿಸುತ್ತ ಹೋದರೆ ಬೆಳೆಯುವುದೇ ಇಲ್ಲ. ಕಷ್ಟಪಟ್ಟು 230 ಜಿಬಿ ಸಿಸ್ಟಂಗೆ ಕೊಟ್ಟು, ಅದೇ ಟೇಬಲ್ ಅದನ್ನು ಮತ್ತೆ ಕೇಳಿ ಪಡೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಶೇಕಡಾವಾರು ಕೆಂಪಾಗಿದೆ ಎಂದು ಮ್ಯಾನೇಜರ್ ಕೇಳಿದರೆ ಈ ಲೆಕ್ಕವನ್ನೇ ಮುಂದಿಡಿ. ಇಂಡೆಕ್ಸ್ ಕೆಲಸದ ನಂತರ ಅದು 91ರಿಂದ 75ರ ಆಸುಪಾಸಿಗೆ ಹೇಗೂ ಇಳಿದಿರುತ್ತದೆ.

ಇದರಲ್ಲೊಂದು ಬೋನಸ್ ಇದೆ, ಅದರೊಳಗೆ ಒಂದು ಮುಳ್ಳೂ ಇದೆ. ವರ್ಷ ಕಳೆದಂತೆ ಇವತ್ತು ಬಾಲದಲ್ಲಿರುವ ಸಾಲುಗಳು ಹಳೆಯದಾಗಿ ಡಿಲೀಟ್ ಆಗುತ್ತವೆ. ಆಗ ವ್ಯಾಕ್ಯೂಮ್ ಬಾಲ ಕತ್ತರಿಸಬಲ್ಲದು. ಖಾತರಿಯೇನಿಲ್ಲ, ಬಾಲದಲ್ಲಿ ಒಂದೇ ಒಂದು ಸಾಲು ಉಳಿದರೂ ಅಲ್ಲಿಗೆ ನಿಲ್ಲುತ್ತದೆ. ಕತ್ತರಿಸುವ ಹೊತ್ತಿಗೆ ಅದೂ ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ತೆಗೆದುಕೊಳ್ಳುತ್ತದೆ. ಪ್ರೈಮರಿಯಲ್ಲಿ ಯಾರಾದರೂ ಕಾಯುತ್ತಿದ್ದರೆ ಬಿಟ್ಟುಕೊಡುವಷ್ಟು ಸೌಜನ್ಯ ಅದಕ್ಕಿದೆ. ರೆಪ್ಲಿಕಾದಲ್ಲಿ ಅದೇ ಲಾಕ್ ವಾಲ್ ಮೂಲಕ ಬಂದು ಬೀಳುತ್ತದೆ, ಅಲ್ಲಿ ಆ ಸೌಜನ್ಯವಿಲ್ಲ. ರಿಪೋರ್ಟ್ ಕ್ಯಾನ್ಸಲ್ ಆಗಬಹುದು ಅಥವಾ ರೆಪ್ಲಿಕಾ ಹಿಂದೆ ಬೀಳಬಹುದು. ತೊಂದರೆ ಕಂಡರೆ ಆ ಟೇಬಲ್‌ಗೆ ವ್ಯಾಕ್ಯೂಮ್_ಟ್ರಂಕೇಟ್ ಆಫ್ ಮಾಡಿ, ಭಾನುವಾರ ಬೆಳಗಿನ ಜಾವ ಕೈಯಿಂದ ಕತ್ತರಿಸಿಕೊಳ್ಳಿ.

ಇಲ್ಲ, ಆ ಜಾಗ ಈಗಲೇ ಬೇರೆ ಕೆಲಸಕ್ಕೆ ಬೇಕು ಎಂದಿರಾ? ಆಗ ಪಿಜಿ_ರೀಪ್ಯಾಕ್ ನೋಡಿ. ಮೂಲ ಟೇಬಲ್ ಮೇಲೆ ಟ್ರಿಗರ್ ಕೂರಿಸಿ, ಬದಲಾವಣೆಗಳನ್ನು ಲಾಗ್ ಟೇಬಲ್‌ನಲ್ಲಿ ಹಿಡಿದು, ಪಕ್ಕದಲ್ಲಿ ನಕಲು ಕಟ್ಟಿ, ಕೊನೆಗೆ ಅದಲುಬದಲು ಮಾಡುತ್ತದೆ. ಪ್ರೈಮರಿ ಕೀ ಅಥವಾ ನಲ್ ಇಲ್ಲದ ಯುನೀಕ್ ಇಂಡೆಕ್ಸ್ ಇರಲೇಬೇಕು. ಲಾಕ್ ಶುರುವಿನಲ್ಲಿ ಒಂದು ಕ್ಷಣ, ಕೊನೆಯಲ್ಲಿ ಒಂದು ಕ್ಷಣ. ಆ ಕೊನೆಯ ಕ್ಷಣವನ್ನು ಎಚ್ಚರದಿಂದ ನೋಡಿ. ಲಾಕ್ ಸಿಗದಿದ್ದರೆ ಡಿಫಾಲ್ಟ್ ಆಗಿ 60 ಸೆಕೆಂಡ್ ಕಾದು, ಆಮೇಲೆ ಅಡ್ಡ ಬಂದ ಕ್ವೆರಿಗಳನ್ನು ಕ್ಯಾನ್ಸಲ್ ಮಾಡುತ್ತದೆ. ಅದರ ಎರಡರಷ್ಟು ಹೊತ್ತಾದರೂ ಬಗೆಹರಿಯದಿದ್ದರೆ ಕನೆಕ್ಷನ್ನನ್ನೇ ಕಡಿಯುತ್ತದೆ. ಬೇಡವೆಂದರೆ ನೋ-ಕಿಲ್-ಬ್ಯಾಕೆಂಡ್ ಎಂಬ ಆಯ್ಕೆ ಕೊಡಿ. ಜಾಗದ ವಿಷಯಕ್ಕೆ ಬಂದರೆ ಟೇಬಲ್ 150, ಇಂಡೆಕ್ಸ್ 78, ಒಟ್ಟು 228. ನಿಮ್ಮ ಬಳಿ ಆಗ ಇರುವುದು 250. ವಾಲ್ ಮತ್ತು ಲಾಗ್ ಟೇಬಲ್ ಸೇರಿಸಿದರೆ ನಾನಂತೂ ಧೈರ್ಯ ಮಾಡುವುದಿಲ್ಲ. ಬೇರೆ ಡಿಸ್ಕ್ ಜೋಡಿಸಿ, ಅಲ್ಲಿ ಟೇಬಲ್‌ಸ್ಪೇಸ್ (ಪೋಸ್ಟ್‌ಗ್ರೆಸ್ ಡೇಟಾ ಇಡುವ ಜಾಗ) ಮಾಡಿ, ಹೊಸ ನಕಲನ್ನು ಅಲ್ಲೇ ಕಟ್ಟು ಎಂದು ಹೇಳಬಹುದು. ಕ್ಲೌಡ್‌ನಲ್ಲಿದ್ದರೆ ಇರುವ ಡಿಸ್ಕನ್ನೇ ದೊಡ್ಡದು ಮಾಡುವ ಆಸೆಗೆ ಬೀಳಬೇಡಿ, ಹಿಗ್ಗಿಸಿದ ಡಿಸ್ಕನ್ನು ಕುಗ್ಗಿಸುವುದು ಸಾಮಾನ್ಯವಾಗಿ ಆಗದ ಮಾತು.

ಹೊಸ ಡಿಸ್ಕ್ ಸಿಗದವರಿಗೆ ಪಿಜಿಕಾಂಪ್ಯಾಕ್ಟ್‌ಟೇಬಲ್ ಇದೆ. ಬಾಲದ ಸಾಲುಗಳಿಗೆ ಸುಳ್ಳು ಅಪ್‌ಡೇಟ್ ಕೊಟ್ಟು ಮುಂಭಾಗದ ಖಾಲಿ ಜಾಗಕ್ಕೆ ಸರಿಸುತ್ತ, ಬಾಲ ಖಾಲಿಯಾದಂತೆ ಕತ್ತರಿಸುತ್ತ ಹೋಗುತ್ತದೆ. ಹೆಚ್ಚುವರಿ ಜಾಗ ಹೆಚ್ಚೇನೂ ಬೇಡ, ತಾಳ್ಮೆ ಬಹಳ ಬೇಕು. ಇಂಡೆಕ್ಸ್ ಮತ್ತೆ ಊದಿಕೊಳ್ಳುತ್ತದೆ.

ಮೈಎಸ್‌ಕ್ಯೂಎಲ್ ಇಟ್ಟುಕೊಂಡವರಿಗೆ ಎರಡು ಮಾತು: ಅದರ ಸ್ಟೋರೇಜ್ ಎಂಜಿನ್ ಇನ್ನೋಡಿಬಿಯಲ್ಲೂ ಡಿಲೀಟ್ ಮಾಡಿದರೆ ಫೈಲ್ ಕುಗ್ಗುವುದಿಲ್ಲ. ಪ್ರತಿ ಟೇಬಲ್‌ಗೂ ಬೇರೆ ಫೈಲ್ ಇದ್ದರೆ, 5.6ರಿಂದ ಅದೇ ಡಿಫಾಲ್ಟ್, ಆಪ್ಟಿಮೈಜ್ ಟೇಬಲ್ ಹೊಸದಾಗಿ ಕಟ್ಟಿ ಜಾಗ ಬಿಡಿಸುತ್ತದೆ. ಅಲ್ಲೂ ನಕಲಿಗೆ ಜಾಗ ಮೊದಲು ಬೇಕು.

ನಿಮ್ಮ ನಿಜವಾದ ಮದ್ದು ಪಾರ್ಟಿಷನ್, ಅಂದರೆ ಒಂದೇ ಟೇಬಲ್ಲನ್ನು ಒಳಗೆ ತುಂಡುಗಳಾಗಿ ಇಡುವುದು. ತಿಂಗಳಿಗೊಂದು ಪಾರ್ಟಿಷನ್ ಇದ್ದಿದ್ದರೆ 110 ಕೋಟಿ ಡಿಲೀಟ್ ಎನ್ನುವುದು ಕೆಲವು ಡ್ರಾಪ್ ಟೇಬಲ್‌ಗಳಲ್ಲಿ ಮುಗಿಯುತ್ತಿತ್ತು. ಸತ್ತ ಸಾಲಿಲ್ಲ, ವ್ಯಾಕ್ಯೂಮ್ ಇಲ್ಲ, ಫೈಲ್ ನೇರ ಸಿಸ್ಟಂಗೆ. ಈಗಿರುವ ಟೇಬಲ್ಲನ್ನೇ ಒಂದು ದೊಡ್ಡ ಪಾರ್ಟಿಷನ್ ಎಂದು ಜೋಡಿಸಿ, ಮುಂದಿನ ತಿಂಗಳಿಂದ ಹೊಸ ಪಾರ್ಟಿಷನ್‌ಗಳಿಗೆ ಬರೆಯುತ್ತ, ವರ್ಷದ ನಂತರ ಆ ದೊಡ್ಡದನ್ನು ಒಟ್ಟಿಗೆ ಡ್ರಾಪ್ ಮಾಡುವುದು ಸುಲಭದ ದಾರಿ, ಏನನ್ನೂ ನಕಲು ಮಾಡಬೇಕಿಲ್ಲ. ಆದರೆ ಆಗ ಒಳಗಿನ 230 ಜಿಬಿ ಖಾಲಿ ಜಾಗ ಯಾರಿಗೂ ಉಪಯೋಗವಿಲ್ಲದೆ ಕೂರುತ್ತದೆ. ಡಿಸ್ಕ್‌ನಲ್ಲಿರುವ ಬೇರೆಯದು 290, ಈ ಟೇಬಲ್ 380, ಅದರ ಇಂಡೆಕ್ಸ್ 78, ಇವುಗಳ ಮೇಲೆ ಹೊಸ ವರ್ಷದ 228 ಸೇರಿದರೆ 976. 1000 ಜಿಬಿಯ ಡಿಸ್ಕನ್ನು ಅಷ್ಟು ತುಂಬಿಸಿಕೊಂಡು ನಡೆಸಲಾಗದು, ಹೊಸ ಪಾರ್ಟಿಷನ್‌ಗಳಿಗೆ ಇನ್ನೊಂದು ಡಿಸ್ಕ್ ಬೇಕೇ ಬೇಕು. ಪಾರ್ಟಿಷನ್ ಮಾಡುವ ದಿನಾಂಕದ ಕಾಲಂ ಪ್ರೈಮರಿ ಕೀ ಒಳಗೆ ಬರಲೇಬೇಕೆಂಬ ನಿಯಮವೂ ಇದೆ. ಬೇರೆ ಟೇಬಲ್‌ಗಳು ಇದಕ್ಕೆ ಫಾರಿನ್ ಕೀ ಇಟ್ಟಿದ್ದರೆ ಅಲ್ಲಿ ಕೆಲಸ ಹೆಚ್ಚುತ್ತದೆ.

15ನೇ ಆವೃತ್ತಿಗೆ ಬೆಂಬಲವಿರುವುದು 2027ರ ನವೆಂಬರ್‌ವರೆಗೆ, ಹೇಗೂ ಅಪ್‌ಗ್ರೇಡ್ ಮಾಡಬೇಕು. ನಾನಾದರೆ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುತ್ತೇನೆ. ಹೊಸ ಆವೃತ್ತಿಯ ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಟೇಬಲ್ಲನ್ನು ಪಾರ್ಟಿಷನ್ ಆಗಿ ಮಾಡಿಟ್ಟು, ಲಾಜಿಕಲ್ ರೆಪ್ಲಿಕೇಷನ್‌ನಿಂದ (ಫೈಲ್ ಅಲ್ಲ, ಸಾಲುಗಳನ್ನು ನಕಲು ಮಾಡುವ ವಿಧಾನ) ಡೇಟಾ ತರುವುದು. ಬರುವುದು ಬದುಕಿರುವ ಸಾಲು ಮಾತ್ರ, ಊತವೆಲ್ಲ ಹಳೆಯ ಸರ್ವರ್‌ನಲ್ಲೇ ಉಳಿಯುತ್ತದೆ. ಸ್ಕ್ಯಾನ್ ದಾಖಲೆ ಒಮ್ಮೆ ಬಂದ ಮೇಲೆ ಬದಲಾಗದ ಕಾರಣ, ಆ ದಿನಗಳಲ್ಲಿ ಹಳೆಯದನ್ನು ಅಳಿಸುವ ಜಾಬ್ ನಿಲ್ಲಿಸಿದರೆ ಸಾಕು. ಅಪ್‌ಡೇಟ್, ಡಿಲೀಟ್ ನಡೆಯುತ್ತಿದ್ದರೆ ರೆಪ್ಲಿಕಾ ಐಡೆಂಟಿಟಿಯಲ್ಲಿ (ಯಾವ ಸಾಲು ಎಂದು ಗುರುತಿಸುವ ಕಾಲಂಗಳು) ದಿನಾಂಕದ ಕಾಲಂ ಇರುವಂತೆ ನೋಡಿಕೊಳ್ಳಬೇಕು, ಇಲ್ಲವೆಂದರೆ ಯಾವ ಪಾರ್ಟಿಷನ್ ಎಂದು ಆ ಕಡೆ ತಿಳಿಯುವುದಿಲ್ಲ. ಸೀಕ್ವೆನ್ಸ್‌ಗಳ (ಐಡಿ ನಂಬರ್ ಕೊಡುವ ಎಣಿಕೆಗಳ) ನಂಬರ್ ಆ ಕಡೆಗೆ ಹೋಗುವುದಿಲ್ಲವೆಂದುಕೊಂಡು ಕೊನೆಗೆ ಕೈಯಿಂದ ಸರಿಹೊಂದಿಸಿ. ನಕಲು ನಡೆಯುವಷ್ಟು ಹೊತ್ತು ಅದರ ಸ್ಲಾಟ್ ಹಳೆಯ ಸರ್ವರ್‌ನಲ್ಲಿ ವಾಲ್ ಹಿಡಿದಿಡುತ್ತದೆ. ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಅನ್ನು ಮೊದಲೇ 100 ಜಿಬಿಗೆ ಕಟ್ಟಿಹಾಕಿ. ಅದರಾಚೆ ಹೋದರೆ ಸ್ಲಾಟ್ ಸಾಯುತ್ತದೆ, ನಕಲು ಮತ್ತೆ ಮೊದಲಿಂದ, ಆದರೆ ಪ್ರೊಡಕ್ಷನ್ ಬದುಕಿರುತ್ತದೆ.